ತೆಂಚಾಳ ಕಡೆಯ ಅರ್ಧ ಮರ

ನಿನ್ಯಾ ತೆಂಚಾಳಿಗೆ ತನ್ನ ಮನೆಯಲ್ಲಿ ಏನೇನಿದೆ ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತಿತ್ತು. ಹಿತ್ತಲ ಬೇಲಿಯಾಚೆ ಒತೀಲಿಯಾಳ ಮನೆಯಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಉತ್ತರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಯಾವ ಕೋಳಿ ಕಾವಿಗೆ ಕೂತಿದೆ, ಹಗ್ಗದ ಮೇಲೆ ಒಣಗುತ್ತಿರುವ ಹೊದಿಕೆ ಹಳೆಯದೋ ಹೊಸದೋ, ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿದೆಯೋ ಬರೀ ಕಾಳೋ, ಎಲ್ಲವೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ಹೊಟ್ಟೆ ಉರಿಸುತ್ತಿತ್ತು.

ನಮ್ಮಲ್ಲಿ ಮರ್ಯಾದೆಗೆ ಹೆಂಗಸರನ್ನೆಲ್ಲ ನಿನ್ಯಾ ಅನ್ನುತ್ತಾರೆ, ಹಾಗೆಂದರೆ ಎಳೆಹುಡುಗಿ. ಹಲ್ಲುದುರಿದ ಮುದುಕಿಯೂ ನಿನ್ಯಾ. ತೆಂಚಾಳ ಮಟ್ಟಿಗೆ ಆ ಮಾತು ಸರಿಯಾಗಿಯೇ ಇತ್ತು. ಪಕ್ಕದ ಮಗುವಿನ ಕೈಯಲ್ಲಿರುವ ಮಿಠಾಯಿ ನೋಡಿ ಅಳುವ ವಯಸ್ಸನ್ನು ಅವಳು ದಾಟಿರಲೇ ಇಲ್ಲ.

ನಾನು ಅವಳ ಮನೆಯ ಎದುರಿಗೆ ಪುಪೂಸಾ ಮಾರುವವಳು. ರೊಟ್ಟಿಯೊಳಗಿನ ಗಿಣ್ಣು, ಕಾಳಿನ ಹೂರಣ ನನ್ನದು. ರುಬ್ಬಿದ ಜೋಳದ ಹಿಟ್ಟು ಅವಳದು. ದಿನಾ ಬೆಳಿಗ್ಗೆ ಬೇಸಿನ್ ಹಿಡಿದು ಅವಳ ಅಡಿಗೆಮನೆಗೆ ಹೋಗುತ್ತಿದ್ದೆ. ಹಿಟ್ಟಿನ ಜೊತೆ ಹೊಟ್ಟೆಕಿಚ್ಚೂ ಬಿಸಿಬಿಸಿಯಾಗಿ ಸಿಗುತ್ತಿತ್ತು, ಅದಕ್ಕೆ ಬೇರೆ ಕಾಸು ಕೊಡಬೇಕಾಗಿರಲಿಲ್ಲ. ಒಳ್ಳೆಯ ಕೆಲಸಗಾತಿ ಅವಳು, ಅದನ್ನು ಹೇಳಲೇಬೇಕು. ಗಂಡ ನಿಕಾನೋರ್ ಜ್ವರದಲ್ಲಿ ಹೋದ ಮೇಲೆ ಮಗಳು ಮರಿಸೇಲಾಳನ್ನು ಆ ರುಬ್ಬುಗಲ್ಲಿನ ಮೇಲೆಯೇ ಸಾಕಿ ಬೆಳೆಸಿದಳು. ಯಾರ ಮುಂದೆಯೂ ಕೈ ಚಾಚಲಿಲ್ಲ, ಸುಳ್ಳು ಅಳತೆ ಕೊಡಲಿಲ್ಲ. ಆದರೆ ನಿಕಾನೋರ್ ಒಮ್ಮೆ ಒತೀಲಿಯಾಳ ಕೋಳಿ ಸಾರನ್ನು ಹೊಗಳಿದ್ದನ್ನು ಅವನ ತಿಥಿಯ ದಿನವೂ ಮರೆಯಲಿಲ್ಲ. ಚರ್ಚಿನಿಂದ ಬರುತ್ತ ನನ್ನ ಕಿವಿಯಲ್ಲಿ, "ಆ ಸಾರಿಗೆ ಉಪ್ಪೇ ಇರ್ಲಿಲ್ಲ ಕಣೆ," ಅಂದಳು.

ಈಗ ಜಾಗ ಹೇಳುತ್ತೇನೆ, ಇಲ್ಲದಿದ್ದರೆ ಜಗಳ ತಿಳಿಯುವುದಿಲ್ಲ. ನಮ್ಮ ಹಳ್ಳಿ ಎಲ್ ಕರಿಸಾಲ್ ಇರುವುದು ಚಲತೆನಾಂಗೋ ಸೀಮೆಯ ಗುಡ್ಡದ ಇಳಿಜಾರಿನಲ್ಲಿ. ತೆಂಚಾಳ ಮನೆಯ ಬಾಗಿಲು ಕೆಳಗಿನ ಬೀದಿಗೆ, ಒತೀಲಿಯಾಳ ಮನೆಯ ಬಾಗಿಲು ಮೇಲಿನ ಬೀದಿಗೆ. ಎರಡು ಮನೆಗಳೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ನಡುವೆ ಹಿತ್ತಲು, ಹಿತ್ತಲ ನಡುವೆ ಬೇಲಿ. ಬೀದಿಯಲ್ಲಿ ಸುತ್ತಿಕೊಂಡು ಹೋದರೆ ಶಾಲೆ ದಾಟಿ, ಕಲ್ಲು ಹಾಸಿದ ಕಡಿದಾದ ಏರು ಹತ್ತಿ, ಸ್ಮಶಾನದ ಗೋಡೆ ಬಳಸಿ ಹೋಗಬೇಕು, ಏದುಸಿರು ಬರುತ್ತದೆ. ಹಿತ್ತಲಲ್ಲಿ ನಿಂತರೆ ಪಿಸುಮಾತೂ ಕೇಳುತ್ತದೆ.

ಆ ಬೇಲಿಯನ್ನು ಹಾಕಿದ್ದು ಇಬ್ಬರ ಗಂಡಂದಿರೂ ಸೇರಿ. ಕ್ಷೀಣಿಸುವ ಚಂದ್ರ ನೋಡಿಕೊಂಡು ಗೂಟ ಕಡಿದರು, ಬೆಳೆಯುವ ಚಂದ್ರನಲ್ಲಿ ಕಡಿದ ಗೂಟ ಹುಳ ಹಿಡಿಯುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಂಥ ಗೂಟ ಮಣ್ಣು ಕಚ್ಚಿ ಚಿಗುರುತ್ತದೆ, ಬೇಲಿಯೇ ಮರಗಳ ಸಾಲಾಗುತ್ತದೆ. ಮೂರು ಸುತ್ತು ಮುಳ್ಳುತಂತಿ ಎಳೆದರು. ನಡುಮಧ್ಯದ ಗೂಟ ಹೊಕೋತೆ ಎಂಬ ಹಣ್ಣಿನ ಮರದ್ದು. ಅಲ್ಲಿಂದ ಬಲಕ್ಕೆ ಹಳ್ಳದವರೆಗೆ ತೆಂಚಾಳ ಮನೆಯವರ ಹೊಣೆ, ಎಡಕ್ಕೆ ದೊಡ್ಡ ಬಂಡೆಯವರೆಗೆ ಒತೀಲಿಯಾಳ ಮನೆಯವರ ಹೊಣೆ: ತಂತಿ ಸಡಿಲಾದರೆ ಬಿಗಿಯುವುದು, ಗೂಟ ಸತ್ತರೆ ಬದಲಿಸುವುದು. ಹೊಕೋತೆ ಗೂಟ ಮಾತ್ರ ಇಬ್ಬರದ್ದೂ. ಆ ಗೂಟದ ಪಕ್ಕ ತಂತಿ ಹೊಡೆಯದೆ ಒಂದಾಳು ಅಡ್ಡಡ್ಡ ನುಸುಳುವಷ್ಟು ಸಂದು ಬಿಟ್ಟರು. ಬೆಂಕಿ, ಉಪ್ಪು, ಸುದ್ದಿ ಓಡಾಡಬೇಕಲ್ಲ.

ಮರಿಸೇಲಾ ಹುಟ್ಟಿದಾಗ ಅವಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ಒತೀಲಿಯಾ. ಅಲ್ಲಿಗೆ ಅವಳು ಮಗುವಿಗೆ ಮಾದ್ರೀನಾ, ಅಂದರೆ ದೇವರ ಮುಂದಿನ ಎರಡನೆಯ ತಾಯಿ. ತೆಂಚಾಳಿಗೆ ಕೊಮಾದ್ರೆ, ಅಂದರೆ ಜೊತೆತಾಯಿ. ಕೊಮಾದ್ರೆಯರ ನಂಟು ರಕ್ತಕ್ಕಿಂತ ದಪ್ಪ. ಜಗಳವಾಡಿದರೆ ಪಾಪ, ಏಕವಚನದಲ್ಲಿ ಮಾತಾಡಿದರೂ ಪಾಪ. ಹಾಗಾಗಿ ಇಬ್ಬರೂ ಜೀವಮಾನವಿಡೀ ಬಹುವಚನದಲ್ಲೇ ಕುಟುಕಾಡಿದರು.

ಒತೀಲಿಯಾಳಿಗೆ ಮಕ್ಕಳಾಗಲಿಲ್ಲ. ಗಂಡನೂ ಹೋದ. ಹೊಲಿಗೆ ಮಿಷನ್ ಒಂದು, ಕೋಳಿ ಒಂದಷ್ಟು, ಮತ್ತೆ ಆ ಹೊಕೋತೆ ಮರ. ಇಷ್ಟರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನಿತ್ತು ಎಂದು ನೀವು ಕೇಳಬಹುದು. ಆ ಮರವನ್ನು ನೀವು ನೋಡಿಲ್ಲ.

ಹೊಕೋತೆ ನಮ್ಮ ಬೇಸಿಗೆಯ ಹಣ್ಣು, ಅಮಟೆಯ ಜಾತಿ, ಕೆಂಪಗೆ ಹುಳಿಸಿಹಿ. ಎಲೆಯೆಲ್ಲ ಉದುರಿ ಬೋಳಾದ ಕೊಂಬೆಯ ಮೈಗೇ ಅಂಟಿಕೊಂಡು ಕಾಯಿ ಬಿಡುತ್ತದೆ. ಕಾಯಿದ್ದಾಗ ಉಪ್ಪು ಹಚ್ಚಿ ತಿನ್ನುತ್ತೇವೆ, ಹಣ್ಣಾದಾಗ ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಬೆಲ್ಲದ ಪಾಕಕ್ಕೆ ಹಾಕುತ್ತೇವೆ. ಗೂಟವಾಗಿ ನೆಟ್ಟದ್ದು ಮರವಾಯಿತು, ಕಾಂಡ ಸರಿಯಾಗಿ ಗಡಿಯ ಮೇಲೆ, ಕೊಂಬೆ ಅರ್ಧ ಅತ್ತ, ಅರ್ಧ ಇತ್ತ. ಆದರೆ ಹಣ್ಣು? ಒತೀಲಿಯಾಳ ಕಡೆ ಕೊಂಬೆ ಕಾಣದಷ್ಟು ಕೆಂಪು. ತೆಂಚಾಳ ಕಡೆ ಅಲ್ಲೊಂದು ಇಲ್ಲೊಂದು, ಅದೂ ಅಳಿಲು ಕಚ್ಚಿದ್ದು.

"ನೋಡು ಮಿಲಾ, ನೋಡು," ಎಂದು ನನ್ನ ಗದ್ದ ಹಿಡಿದು ಆ ಕಡೆ ತಿರುಗಿಸುತ್ತಿದ್ದಳು. "ಒಂದೇ ಮರ, ಒಂದೇ ಬೇರು. ಅವಳ ಕಡೆ ತುಂಬಿ ತುಳುಕ್ತದೆ, ನನ್ನ ಕಡೆ ಬರಗಾಲ. ಏನೋ ಮಾಡಿಸಿದಾಳೆ. ಕಣ್ಣು ಹಾಕಿದಾಳೆ."

"ಯಾರು ಯಾರಿಗೆ ಕಣ್ಣು ಹಾಕ್ತಿದಾರೆ ಅಂತ ಊರಿಗೇ ಗೊತ್ತು," ಅಂದೆ ನಾನು. ಅವಳು ನನ್ನ ಹಿಟ್ಟಿನ ಮೇಲೆ ಬಟ್ಟೆಯನ್ನು ಪಟ್ಟೆಂದು ಮುಚ್ಚಿದಳು.

ಕಾರಣ ಅಂಗೈಯ ಮೇಲಿನ ಹುಣ್ಣಿನ ಹಾಗೆ ಎದುರಿಗೇ ಇತ್ತು. ಜೋಳ ಬೇಯಿಸುವುದಕ್ಕೆ ಸುಣ್ಣ ಹಾಕುತ್ತೇವೆ. ಬೆಂದ ಮೇಲೆ ಆ ಹಳದಿ ನೀರನ್ನು ಚೆಲ್ಲಬೇಕು. ತೆಂಚಾ ಚೆಲ್ಲುತ್ತಿದ್ದದ್ದು ಬೇಲಿಯ ಬುಡಕ್ಕೆ, ಹೊಕೋತೆ ಮರದ ತನ್ನ ಕಡೆಯ ಬೇರಿಗೆ, ಕೊತಕೊತ ಕುದಿಯುತ್ತಿದ್ದಂತೆಯೇ. ಒತೀಲಿಯಾ ಒಮ್ಮೆ ಬೇಲಿಯ ಆಚೆಯಿಂದ ಮೆತ್ತಗೆ ಹೇಳಿದಳು, ನಾನೂ ಅಲ್ಲೇ ಇದ್ದೆ:

"ಕೊಮಾದ್ರೆ, ತಪ್ಪು ತಿಳ್ಕೋಬೇಡಿ, ಆ ಸುಣ್ಣದ್ ನೀರು ಆರಿಸಿ ಹಳ್ಳದ್ ಕಡೆ ಚೆಲ್ಲಿ. ಬೇರು ಸುಡ್ತದೆ."

"ನನ್ನ ನೀರು, ನನ್ನ ನೆಲ, ಕೊಮಾದ್ರೆ," ಅಂದಳು ತೆಂಚಾ. "ಬೇಲಿಯಿಂದ ಈಚೆಗೆ ನಾನು ಏನ್ ಚೆಲ್ಬೇಕು ಅಂತಾನೂ ಇನ್ಮೇಲೆ ನಿಮ್ಮನ್ನೇ ಕೇಳ್ಬೇಕಾ?"

ಅವತ್ತಿನಿಂದ ಇನ್ನೊಂದು ಪಾತ್ರೆ ಹೆಚ್ಚೇ ಚೆಲ್ಲಿದಳು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಆ ಪಾತ್ರೆಯನ್ನೇ ಕಿತ್ತು ಎಸೆಯಬೇಕೆನಿಸಿತ್ತು.

ಪವಿತ್ರ ಶನಿವಾರ ಬಂತು. ಪೂಜೆಯಲ್ಲಿ ಗ್ಲೋರಿಯಾ ಹಾಡಿ ಗಂಟೆ ಹೊಡೆಯುವ ಹೊತ್ತಿಗೆ ಫಲ ಕೊಡದ ಮರಕ್ಕೆ ಬೆಲ್ಟಿನಿಂದ ಬಾರಿಸಿದರೆ ಮರುವರ್ಷ ನಾಚಿಕೆಯಿಂದ ಕಾಯಿ ಬಿಡುತ್ತದೆ. ನಮ್ಮಜ್ಜಿ ಹೊಡೆದಿದ್ದಾಳೆ, ನಾನೂ ಹೊಡೆದಿದ್ದೇನೆ. ಗಂಟೆ ಕೇಳಿದ್ದೇ ತೆಂಚಾ ನಿಕಾನೋರನ ಹಳೇ ಚರ್ಮದ ಬೆಲ್ಟು ಹಿಡಿದು ಹಿತ್ತಲಿಗೆ ಬಂದಳು. ತನ್ನ ಕಡೆಯ ಅರ್ಧಕ್ಕೆ ಮಾತ್ರ ಬಾರಿಸತೊಡಗಿದಳು.

"ತಗೋ! ನಾಚ್ಕೆ ಇಲ್ವಾ ನಿಂಗೆ? ನೆಟ್ಟೋನು ನನ್ನ ಗಂಡ, ಹೆರೋದು ಅವಳ ಮನೇಲಾ? ತಗೋ!"

ಒಂದೊಂದು ಏಟಿಗೂ ಮರ ನಡುಗಿತು. ನಡುಗಿದ ಮರದಿಂದ ಮಾಗಿದ ಹಣ್ಣು ದಬದಬನೆ ಉದುರಿತು, ಎಲ್ಲವೂ ಆ ಕಡೆಗೆ. ಒತೀಲಿಯಾ ಮಡಿಲು ಹಿಡಿದು ಆರಿಸಿಕೊಳ್ಳುತ್ತ ನಿಂತಿದ್ದಳು.

"ಕೊಮಾದ್ರೆ, ದೇವ್ರು ನಿಮ್ ಕೈಗೆ ಶಕ್ತಿ ಕೊಡ್ಲಿ," ಅಂದಳು. "ನಂಗೆ ಏಣಿ ಹಾಕೋ ಕಷ್ಟ ತಪ್ಪಿತು. ಇನ್ನೊಂದ್ ನಾಕು ಬಿಗೀರಿ."

ನಾನು ನಕ್ಕು ನಕ್ಕು ಬೇಲಿ ಗೂಟ ಹಿಡಿದುಕೊಂಡೆ. ತೆಂಚಾ ಬೆಲ್ಟನ್ನು ನನ್ನ ಕಡೆಗೇ ಎತ್ತಿದಳು.

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಕಥೆಯೇ. ಆದರೆ ಹಣ್ಣಿನ ಹೊಟ್ಟೆಕಿಚ್ಚಿನ ಕೆಳಗೆ ಇನ್ನೊಂದು ಕಿಚ್ಚಿತ್ತು. ಅದು ಮಗಳದ್ದು.

ಮರಿಸೇಲಾ ಮದುವೆಯಾಗಿ ಮೇಲಿನ ಕಾಫಿ ತೋಟದ ಹತ್ತಿರ ಮನೆ ಮಾಡಿದ್ದಳು. ಅಲ್ಲಿಂದ ಇಳಿಯುವ ಕಾಲುದಾರಿ ಬಂದು ಮುಟ್ಟುವುದು ಒತೀಲಿಯಾಳ ಅಂಗಳಕ್ಕೆ. ಅಂಗಳ ದಾಟಿ, ಬೇಲಿಯ ಸಂದಿನಲ್ಲಿ ನುಸುಳಿದರೆ ಅಮ್ಮನ ಅಡಿಗೆಮನೆ. ದಿನಾ ಬರುತ್ತಿದ್ದಳು. ಬರುವಾಗ ಕೆನ್ನೆಯಲ್ಲೊಂದು ಹೊಕೋತೆ ಇರುತ್ತಿತ್ತು, ಮಡಿಲಲ್ಲಿ ಇನ್ನಷ್ಟು. ತೆಂಚಾ ಮಗಳ ಮುಖ ನೋಡುವುದಕ್ಕೆ ಮೊದಲು ಆ ಕೆನ್ನೆ ನೋಡುತ್ತಿದ್ದಳು.

"ಅಲ್ಲಿ ತಿಂದ್ಕೊಂಡು ಬಂದ್ಯಾ? ಮೊದಲು ಅಲ್ಲಿ, ಆಮೇಲೆ ಇಲ್ಲಿ. ಹೆತ್ತೋಳು ಉಳಿದಿದ್ದಕ್ಕೆ."

"ದಾರಿ ಅಲ್ಲಿಂದಾನೇ ಅಲ್ವೇನಮ್ಮಾ?" ಅನ್ನುತ್ತಿದ್ದಳು ಮರಿಸೇಲಾ. "ಇನ್ನೇನು, ಹಾರ್ಕೊಂಡ್ ಬರ್ಲಾ?"

"ಮಾದ್ರೀನಾ ಮಾತಾಡ್ಸಿದ್ಲಾ?"

"ಮಾತಾಡ್ಸಿದ್ರು."

"ಏನಂದ್ಲು?"

"ಅಮ್ಮ ಕಾಯ್ತಿರ್ತಾರೆ, ಬೇಗ ಹೋಗು ಅಂದ್ರು."

ಆ ಉತ್ತರ ತೆಂಚಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ನನ್ನ ಮಗಳನ್ನು ನನ್ನ ಹತ್ತಿರ ಕಳಿಸುವುದಕ್ಕೆ ಅವಳು ಯಾರು? ಸಂದಿನಿಂದ ಮಗಳ ತಲೆ ಕಾಣಿಸಿಕೊಳ್ಳುವಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಒಂದೇ: ಮಗಳು ಅವರ ಮನೆಯಿಂದ ಬರುತ್ತಿದ್ದಾಳೆ. ತನ್ನ ಮನೆಗೆ ಬರುತ್ತಿದ್ದಾಳೆ ಅನ್ನುವುದು ಒಂದು ದಿನವೂ ಕಾಣಲಿಲ್ಲ.

ಮರಿಸೇಲಾ ಬಸುರಿಯಾದಳು. ಬಸುರಿಗೆ ಹುಳಿ ಬಯಕೆ. ಸಂದಿನ ಆಚೆ ಮರದ ಕೆಳಗೆ ಕೂತು ಹಸಿ ಹೊಕೋತೆಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು, ಒತೀಲಿಯಾ ಅವಳ ಊದಿದ ಪಾದ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು. ತೆಂಚಾ ಈಚೆ ನಿಂತು ನೋಡಿದಳು. ಅವತ್ತು ನನಗೆ ಕೊಟ್ಟ ಹಿಟ್ಟಿನಲ್ಲಿ ಉಂಡೆಯುಂಡೆ ಇತ್ತು. ಅವಳ ಕೈಯಿಂದ ಅಂಥ ಹಿಟ್ಟು ನಾನು ಅದುವರೆಗೆ ಕಂಡಿರಲಿಲ್ಲ.

ಆ ವಾರವೇ ತೆಂಚಾಳ ಅಡಿಗೆಮನೆಯ ಹೆಂಚು ಒಡೆಯಿತು. ಹೊಕೋತೆ ಕೊಂಬೆ ಬಿದ್ದು ಒಡೆಯಿತು ಅಂದಳು. ಕೊಂಬೆಯೂ ಅಲ್ಲಿ ಬಿದ್ದಿತ್ತು, ನಿಜ. ಕೊಂಬೆಯ ಪಕ್ಕದಲ್ಲಿ ಉದ್ದನೆಯ ಬಿದಿರು ಗಳುವೂ ಒರಗಿತ್ತು. ನಾನು ಏನೂ ಹೇಳುವುದಿಲ್ಲ.

ದೂರು ಕೊಟ್ಟಳು. ಪಟ್ಟಣದ ಸಣ್ಣ ಕೋರ್ಟಿಗೆ ಇಬ್ಬರನ್ನೂ ಕರೆದರು. ಅಕ್ಕಪಕ್ಕದವಳೆಂದು ನನ್ನನ್ನೂ ಕರೆದರು, ಅಂಗಡಿ ಮುಚ್ಚಿ ಹೋದೆ. ನ್ಯಾಯಾಧೀಶ ಎಳೆಯ ಪ್ರಾಯದವನು, ಮೀಸೆ ಇನ್ನೂ ಗಟ್ಟಿಯಾಗಿರಲಿಲ್ಲ, ಆದರೆ ಮಾತು ಸ್ಪಷ್ಟ. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ರಾಜಿಗೆ ನೋಡಿದ.

"ಮರ ನಂದು ಅಂತ ಬರೆದ್ಕೊಡಿ ಸಾಹೇಬ್ರೇ," ಅಂದಳು ತೆಂಚಾ. "ನೆಟ್ಟಿದ್ದು ನನ್ನ ಗಂಡ."

"ಗುಂಡಿ ತೋಡಿದ್ದು ನನ್ನ ಗಂಡ," ಅಂದಳು ಒತೀಲಿಯಾ.

"ಯಾರು ನೆಟ್ರು ಅನ್ನೋದು ಮುಖ್ಯ ಅಲ್ಲಮ್ಮಾ," ಅಂದ ನ್ಯಾಯಾಧೀಶ. "ಕಾಂಡ ಗಡಿ ಮೇಲಿದ್ರೆ ಮರ ಇಬ್ರದ್ದೂ. ಬೇಲಿನೂ ಇಬ್ರದ್ದು, ಅದರ ಖರ್ಚೂ ಇಬ್ರದ್ದು. ಒಬ್ರಿಗೇ ಬರೆದ್ಕೊಡೋಕೆ ನಂಗೆ ಅಧಿಕಾರ ಇಲ್ಲ. ಆದ್ರೆ ಮರದಿಂದ ನಿಮಗೆ ಹಾನಿ ಆಗ್ತಿದೆ ಅಂತ ತೋರ್ಸಿದ್ರೆ, ಕಡಿಸಿ ಅಂತ ಕೇಳೋ ಹಕ್ಕು ನಿಮ್ಮಿಬ್ರಲ್ಲಿ ಯಾರಿಗಾದ್ರೂ ಇದೆ."

ತೆಂಚಾಳ ಕಣ್ಣು ಮಿನುಗಿತು. ತನಗೆ ಸಿಗದಿದ್ದರೆ ಇಬ್ಬರಿಗೂ ಬೇಡ! ಆ ದಾರಿ ಅವಳಿಗೆ ಅದುವರೆಗೆ ಹೊಳೆದಿರಲಿಲ್ಲ. ಚೀಲದಿಂದ ಒಡೆದ ಹೆಂಚಿನ ಚೂರು ತೆಗೆದು ಮೇಜಿನ ಮೇಲಿಟ್ಟಳು.

"ಕಡಿಸಿ," ಅಂದಳು.

"ಒಂದ್ಸಲ ಕಡಿದ್ರೆ, ಇಬ್ರ ಒಪ್ಪಿಗೆ ಇಲ್ದೆ ಅಲ್ಲಿ ಮತ್ತೆ ನೆಡೋ ಹಾಗಿಲ್ಲ. ಗೊತ್ತಿರ್ಲಿ. ಮತ್ತೆ ಆ ಜಾಗದಲ್ಲಿ ಒಂದು ಸಂದಿದೆ ಅಂತ ಕೇಳ್ದೆ. ಯಾರಾದ್ರೂ ಓಡಾಡ್ತಾರಾ? ಅದು ಹಕ್ಕಿನ ದಾರಿ ಅಲ್ಲ, ನೆರೆಯವರು ಮನಸ್ಸಿಟ್ಟು ಬಿಟ್ಟ ದಾರಿ. ಬೇಕು ಅಂದ್ರೆ ಈಗ್ಲೇ ಹೇಳಿ, ಒಪ್ಪಂದದಲ್ಲಿ ಸೇರಿಸೋಣ. ನಾಳೆ ಬಂದು ನಂಗೆ ದಾರಿ ಇತ್ತು ಅಂದ್ರೆ ನಡೆಯಲ್ಲ."

"ಬೇಡ," ಅಂದಳು ತೆಂಚಾ. "ಮುಚ್ಬಿಡಿ. ಕೋಳಿಮರಿನೂ ನುಸುಳ್ಬಾರ್ದು."

ಒತೀಲಿಯಾ ಅವಳ ಕಡೆ ತಿರುಗಿದಳು. "ಕೊಮಾದ್ರೆ, ಮರ ಹೋದ್ರೆ ಹೋಗ್ಲಿ. ಸಂದು ಮಾತ್ರ ಯೋಚ್ನೆ ಮಾಡಿ. ಹುಡುಗಿ ಬಸುರಿ."

"ಅದಕ್ಕೇ ಮುಚ್ತಿರೋದು, ಕೊಮಾದ್ರೆ," ಅಂದಳು ತೆಂಚಾ. "ನನ್ನ ಮಗಳ ಕಾಲು ನಾನು ತಿಕ್ತೀನಿ."

ಒತೀಲಿಯಾ ಪೆನ್ನು ತೆಗೆದುಕೊಂಡಳು. ಸಹಿ ಹಾಕಿದಳು. ನಾನು ತೆಂಚಾಳ ತೋಳು ಚಿವುಟಿದೆ, ಅವಳು ಕೈ ಕೊಡವಿಕೊಂಡಳು. ಊರಿಗೆ ವಾಪಸು ಬರುವ ಬಸ್ಸಿನಲ್ಲಿ ಹಾಡು ಗುನುಗಿದಳು, ಗೆದ್ದವಳ ಹಾಗೆ.

ಮರ ಕಡಿದದ್ದು ಹಸಿಕಾಯಿ ತುಂಬಿದ್ದಾಗ. ಬುಡ ಅಗೆದಾಗ ಊರವರೆಲ್ಲ ನಿಂತು ನೋಡಿದೆವು. ಒತೀಲಿಯಾಳ ಕಡೆಯ ಬೇರು ತೋಳಿನಷ್ಟು ದಪ್ಪ, ಒಳಗೆ ತೇವ. ತೆಂಚಾಳ ಕಡೆಯ ಬೇರಿಗೆ ಸುಣ್ಣ ಹೆಪ್ಪುಗಟ್ಟಿ ಬೆಳ್ಳಗೆ ಕೂತಿತ್ತು, ಮುಟ್ಟಿದರೆ ಪುಡಿ. ಅವಳ ಕಡೆಯ ಅರ್ಧ ಮರಕ್ಕೆ ಅವಳೇ ದಿನಾ ಬೆಳಿಗ್ಗೆ ವಿಷ ಹಾಕಿದ್ದಳು. ತೆಂಚಾ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು.

ಆ ಜಾಗಕ್ಕೆ ಹೊಸ ಗೂಟ ಬಂತು, ಅರ್ಧ ಖರ್ಚು ಇವಳದು, ಅರ್ಧ ಅವಳದು. ಮೂರು ಸುತ್ತು ತಂತಿಯನ್ನು ಗಿಟಾರಿನ ತಂತಿಯ ಹಾಗೆ ಬಿಗಿದರು. ಸಂದು ಇಲ್ಲವಾಯಿತು.

ಮರುದಿನ ತೆಂಚಾ ಮಗಳಿಗೆಂದು ಎಣ್ಣೆ ಕಾಯಿಸಿಟ್ಟು ಕೂತಳು. ಮರಿಸೇಲಾ ಕಾಲುದಾರಿ ಇಳಿದು ಒತೀಲಿಯಾಳ ಅಂಗಳಕ್ಕೆ ಬಂದಳು. ಬೇಲಿಯ ತನಕ ನಡೆದಳು. ತಂತಿ ಮುಟ್ಟಿ ನೋಡಿದಳು. ಹೊಟ್ಟೆ ಮುಂದೆ ಬಂದಿತ್ತು, ಬಗ್ಗುವ ಹಾಗಿರಲಿಲ್ಲ.

"ಅಮ್ಮಾ, ಇದೇನಮ್ಮಾ? ನಾನೀಗ ಹೇಗ್ ಬರ್ಲಿ?"

"ಸುತ್ಕೊಂಡ್ ಬಾ," ಅಂದಳು ತೆಂಚಾ. "ಮಾನಸ್ತರು ಬರೋ ಬೀದಿಯಲ್ಲಿ ಬಾ."

"ಕಲ್ಲಿನ ಇಳಿಜಾರು ಇಳೀಬೇಡ ಅಂತ ಸೂಲಗಿತ್ತಿ ಕಟ್ಟುನಿಟ್ಟಾಗಿ ಹೇಳಿದಾಳೆ. ಮೊದಲ್ನೇ ಬಸಿರು ಹೋಗಿದ್ದು ಅಲ್ಲಿ ಜಾರಿನೇ ಅಲ್ವಾ? ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿದ್ದದ್ದನ್ನು ಹೊಟ್ಟೆಕಿಚ್ಚಿನ ಹೊಗೆ ಮುಚ್ಚಿತ್ತು. ನೆರೆಯವರಿಗೆ ಅಪಶಕುನವಾಗಲೆಂದು ತನ್ನ ಮೂಗನ್ನೇ ಕೊಯ್ದುಕೊಂಡವಳ ಮುಖ ಹೇಗಿರುತ್ತದೆಂದು ಅವತ್ತು ನಾನು ನೋಡಿದೆ.

ಹಾಗಾಗಿ ಮರಿಸೇಲಾ ದಿನಾ ಇಳಿದು ಬಂದು ಒತೀಲಿಯಾಳ ಜಗಲಿಯಲ್ಲೇ ಉಳಿದಳು. ಮೊದಲು ಅಲ್ಲಿ ಒಂದು ಗಳಿಗೆ ನಿಂತು ಇಲ್ಲಿ ದಿನ ಕಳೆಯುತ್ತಿದ್ದಳು. ಈಗ ಊಟ ಅಲ್ಲಿ, ನಿದ್ದೆ ಅಲ್ಲಿ, ಕಾಲಿಗೆ ಎಣ್ಣೆಯೂ ಅಲ್ಲೇ. ತೆಂಚಾ ತಾನೇ ಸುತ್ತಿಕೊಂಡು ಹೋಗಬಹುದಿತ್ತು. ಆದರೆ ಒತೀಲಿಯಾಳ ಬೀದಿ ಬಾಗಿಲಲ್ಲಿ ನಿಂತು ಒಳಗೆ ಬರಲಾ ಎಂದು ಕೇಳುವುದಕ್ಕಿಂತ ಬಾವಿಗೆ ಬೀಳುವುದು ಮೇಲು ಅವಳಿಗೆ. ಬೇಲಿಯ ಈಚೆ ಸ್ಟೂಲು ಹಾಕಿಕೊಂಡು ಕೂತು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂತಿಯ ನಡುವೆ ತೂರಿಸಿ ಕೊಡುತ್ತಿದ್ದಳು.

ಶುಭ ಶುಕ್ರವಾರ ಬಂತು. ನಮ್ಮಲ್ಲಿ ಅವತ್ತು ಮನೆಮನೆಗೆ ಸಿಹಿಯ ತಟ್ಟೆ ಓಡಾಡುತ್ತದೆ. ಪ್ರತಿವರ್ಷ ಒತೀಲಿಯಾ ತನ್ನ ಕಡೆಯ ಹಣ್ಣನ್ನೆಲ್ಲ ಬೆಲ್ಲದ ಪಾಕಕ್ಕೆ ಹಾಕಿ, ದೊಡ್ಡ ತಟ್ಟೆಯನ್ನು ಮೊದಲು ಕಳಿಸುತ್ತಿದ್ದದ್ದು ತೆಂಚಾಳಿಗೇ. ತೆಂಚಾ ಮೂಗು ಮುರಿದು, ಬೆಲ್ಲ ಹೆಚ್ಚಾಯಿತೆಂದು ಗೊಣಗಿ, ತಟ್ಟೆ ನೆಕ್ಕುತ್ತಿದ್ದಳು. ಈ ಸಲ ತಂತಿಯ ನಡುವೆ ತೂರಿ ಬಂದದ್ದು ಮಾವಿನಕಾಯಿಯ ಸಿಹಿ, ಸಣ್ಣ ಬಟ್ಟಲಲ್ಲಿ.

"ಹೊಕೋತೆ ಇಲ್ವಾ?" ಎಂದು ಕೇಳಿಬಿಟ್ಟಳು ತೆಂಚಾ, ಬಾಯಿತಪ್ಪಿ.

"ಎಲ್ಲಿಂದ ತರ್ಲಿ, ಕೊಮಾದ್ರೆ?" ಅಂದಳು ಒತೀಲಿಯಾ.

ತೆಂಚಾ ಬಟ್ಟಲು ಹಿಡಿದುಕೊಂಡು ಅಡಿಗೆಮನೆಗೆ ಬಂದು ಕೂತು ಅತ್ತಳು. ಗಂಡ ಸತ್ತಾಗಲೂ ನನ್ನ ಮುಂದೆ ಅತ್ತಿರಲಿಲ್ಲ. ನನಗೆ ಸಮಾಧಾನ ಹೇಳುವ ಮನಸ್ಸಾಗಲಿಲ್ಲ, ಹಿಟ್ಟು ತುಂಬಿಕೊಂಡು ಎದ್ದು ಬಂದೆ.

ಮಗು ಹುಟ್ಟಿತು, ಹೆಣ್ಣು. ಕಾಫಿ ತೋಟದ ಹತ್ತಿರದ ಮರಿಸೇಲಾಳ ಮನೆಯಲ್ಲೇ ಹೆರಿಗೆಯಾಯಿತು. ಸುದ್ದಿ ಕೇಳಿದ್ದೇ ತೆಂಚಾ ಬೀದಿ ಸುತ್ತಿ, ಏರು ಹತ್ತಿ ಓಡಿದಳು, ಒತೀಲಿಯಾಳ ಬಾಗಿಲನ್ನು ಕಣ್ಣೆತ್ತಿಯೂ ನೋಡದೆ. ತಲುಪುವ ಹೊತ್ತಿಗೆ ಮೊಣಕಾಲು ಊದಿತ್ತು. ಮಗು ಆಗಲೇ ಒತೀಲಿಯಾಳ ತೋಳಿನಲ್ಲಿ ನಿದ್ದೆ ಹೋಗಿತ್ತು, ಎಬ್ಬಿಸಬೇಡಿ ಅಂದಳು ಸೂಲಗಿತ್ತಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುದಿನದಿಂದ ಮೊಣಕಾಲು ಏರು ಹತ್ತಲು ಒಪ್ಪಲಿಲ್ಲ.

ಬಾಣಂತನ ಮುಗಿಸಿ ಮರಿಸೇಲಾ ಮಗುವಿನೊಂದಿಗೆ ಕಾಲುದಾರಿ ಇಳಿದು ಬಂದ ದಿನ ನಾನು ಹಿಟ್ಟಿಗೆ ಕಾಯುತ್ತ ಕೂತಿದ್ದೆ. ತೆಂಚಾ ಕೈ ತೊಳೆದು ಬೇಲಿಗೆ ಓಡಿದಳು. ಆಚೆ ಮಗುವನ್ನು ಎತ್ತಿಕೊಂಡಿದ್ದವಳು ಒತೀಲಿಯಾ. ತೆಂಚಾಳ ಕಣ್ಣು ಮಗುವಿನ ಮೇಲಿರಲಿಲ್ಲ, ಮಗುವನ್ನು ಹಿಡಿದ ಆ ಕೈಗಳ ಮೇಲಿತ್ತು.

ಒತೀಲಿಯಾ ಗೋಣಿಚೀಲ ಮಡಿಸಿ ಮೇಲಿನ ತಂತಿಯ ಮುಳ್ಳಿನ ಮೇಲೆ ಹಾಕಿದಳು.

"ತಗೊಳ್ಳಿ, ಕೊಮಾದ್ರೆ. ಎರಡೂ ಕೈ ಚಾಚಿ. ಹುಷಾರು, ತಂತಿ ಚುಚ್ಚೀತು. ನೀವೇ ಬಿಗಿಸಿದ್ದು."

ತೆಂಚಾ ಮಗುವನ್ನು ಮುಳ್ಳುತಂತಿಯ ಮೇಲಿಂದ ಇಸಿದುಕೊಂಡಳು. ಮಗುವಿನ ಹೊದಿಕೆಯ ಅಂಚು ಒಂದು ಮುಳ್ಳಿಗೆ ಸಿಕ್ಕಿ ಪರ್ರನೆ ಹರಿಯಿತು. ಆ ಸದ್ದಿಗೆ ಅವಳು ಬೆಚ್ಚಿದಳು. ಮಗು ಅಳಲಿಲ್ಲ, ಅಜ್ಜಿಯೇ ಬಿಕ್ಕಿದಳು. ಮಗುವಿಗೆ ಹಸಿವಾಯಿತು, ಮತ್ತೆ ಅದೇ ಮುಳ್ಳಿನ ಮೇಲಿಂದ ವಾಪಸು ಕೊಡಬೇಕಾಯಿತು. ಕೊಡುವಾಗ ಅವಳ ಮುಂಗೈ ಗೀರಿ ರಕ್ತ ಬಂತು. ಒರೆಸಿಕೊಳ್ಳದೆ ಹಾಗೆಯೇ ನಿಂತು ಮಗಳು ಮಗುವನ್ನೆತ್ತಿಕೊಂಡು ಆಚೆಯ ಜಗಲಿ ಹತ್ತುವುದನ್ನು ನೋಡಿದಳು.

ಆಮೇಲೆ ಮಾತಾಡಿದಳು. ನೆಲ ನೋಡಿಕೊಂಡು, ನುಂಗಿ ನುಂಗಿ.

"ಕೊಮಾದ್ರೆ, ಚಂದ್ರ ಕ್ಷೀಣಿಸ್ತಿದಾನೆ. ಒಂದು ಹೊಕೋತೆ ಗೂಟ ತಂದಿದ್ದೀನಿ. ನಿಮ್ಮ ಒಪ್ಪಿಗೆ ಇಲ್ದೆ ನೆಡೋ ಹಾಗಿಲ್ವಂತೆ. ಸುಣ್ಣದ್ ನೀರು ಹಳ್ಳದ್ ಕಡೆ ಚೆಲ್ತೀನಿ. ಹಣ್ಣೆಲ್ಲ ನೀವೇ ಇಟ್ಕೊಳ್ಳಿ. ಆ ಸಂದು ಒಂದು…"

"ಒಪ್ಪಲ್ಲ," ಅಂದಳು ಒತೀಲಿಯಾ.

ತೆಂಚಾ ತಲೆಯೆತ್ತಲಿಲ್ಲ.

"ಮರ ಬೇಡ, ಕೊಮಾದ್ರೆ. ಮರ ಬಂದ್ರೆ ಮತ್ತೆ ಕೊಂಬೆ ಎಣಿಸ್ತೀರಿ, ನಿಮಗೂ ನಿದ್ದೆ ಇಲ್ಲ, ನಂಗೂ ಇಲ್ಲ. ನಿಮಗೆ ಹಣ್ಣಿನ ಮೇಲೆ ಕಣ್ಣು. ನಂಗೆ? ಆ ಹುಡುಗಿ ದಿನಾ ನನ್ನ ಅಂಗಳ ತುಳ್ಕೊಂಡು, ನನ್ನ ದಾಟ್ಕೊಂಡು, ಅಮ್ಮಾ ಅಂತ ಕೂಗ್ತಾ ನಿಮ್ಮ ಕಡೆಗೆ ಓಡೋಳು. ಅವಳನ್ನ ಒಂದು ಗಳಿಗೆ ನಿಲ್ಲಿಸ್ಕೊಳ್ಳೋಕೆ ನನ್ನ ಹತ್ರ ಆ ಹುಳಿಹಣ್ಣು ಬಿಟ್ರೆ ಇನ್ನೇನಿತ್ತು? ನಿಮ್ಮನ್ನ ನೋಡಿ ನನ್ನ ಹೊಟ್ಟೆ ಉರಿದಷ್ಟು ನಿಮ್ಮದು ಉರಿದಿಲ್ಲ ಬಿಡಿ." ಸೆರಗಿನಂಥ ತಲೆಬಟ್ಟೆಯಿಂದ ಮೂಗು ಒರೆಸಿಕೊಂಡಳು. "ಮರ ಬೇಡ. ಗೇಟ್ ಇಡೋಣ. ಅರ್ಧ ಖರ್ಚು ನಂದು."

ತೆಂಚಾ ಈಗ ತಲೆಯೆತ್ತಿದಳು. ಅವಳ ಮುಖದಲ್ಲಿ ನಾಚಿಕೆ ಇತ್ತು, ಕಣ್ಣೀರಿತ್ತು. ಜೊತೆಗೆ, ದೇವರಾಣೆ, ಒಂದು ಚೂರು ಗೆದ್ದ ಸಂತೋಷವೂ ಇತ್ತು: ತನ್ನನ್ನು ನೋಡಿಯೂ ಒಬ್ಬಳ ಹೊಟ್ಟೆ ಉರಿಯುತ್ತಿತ್ತು! ಗೀರಿದ ಮುಂಗೈಯನ್ನು ಲಂಗಕ್ಕೆ ಒರೆಸಿ, ಬೇಲಿಯನ್ನು ಆ ಕಡೆಯಿಂದ ಈ ಕಡೆಗೆ ಒಮ್ಮೆ ಅಳೆದು ನೋಡಿದಳು.

"ಗೇಟು ಯಾವ ಕಡೆಗೆ ತೆರ್ಕೊಳ್ತದೆ?" ಅಂದಳು.

"ಅಯ್ಯೋ ದೇವರೇ!" ಎಂದು ನಾನು ಹಣೆ ಚಚ್ಚಿಕೊಂಡೆ. "ಶುರು ಆಯ್ತು ಮತ್ತೆ. ಇದಕ್ಕೂ ಕೋರ್ಟಿಗೆ ಹೋಗ್ತೀರಾ?"

"ನೀ ಸುಮ್ನಿರು ಮಿಲಾ. ನನ್ನ ಕಡೆಗೇ ತೆರ್ಕೋಬೇಕು, ಕೊಮಾದ್ರೆ. ಅದೊಂದು ನಾನು ಬಿಡಲ್ಲ."

"ಯಾಕೆ?" ಅಂದಳು ಒತೀಲಿಯಾ, ನಗುವೋ ಸಿಟ್ಟೋ ತಿಳಿಯದ ಹಾಗೆ.

"ಅವಳ ಎರಡೂ ಕೈಲಿ ಮಗು ಇರ್ತದೆ," ಅಂದಳು ತೆಂಚಾ. "ಎಳೆಯೋಕಾಗಲ್ಲ. ಸೊಂಟದಿಂದ ತಳ್ಕೊಂಡ್ ಬರ್ಲಿ."